ಬೇಕರಿಯವನ ಮಗಳ ಬ್ರೆಡ್ಡು

ಬೇಕರಿಯವನ ಮಗಳಿಗೆ ಬ್ರೆಡ್ಡು ಆಗಿಬರುವುದಿಲ್ಲ ಎಂದರೆ ಕೇಳಿದವರು ನಗಬೇಕೋ ಅಳಬೇಕೋ? ಬೀದಿಯವರು ಮೊದಲು ನಕ್ಕರು. ಅಂಗಡಿ ಮುಂದೆ ಬನ್ನು ಕೊಳ್ಳಲು ನಿಂತವರೇ, "ಏನಪ್ಪಾ, ನೀನು ಮಾಡಿದ್ದನ್ನ ನಿನ್ನ ಮಗಳೇ ತಿನ್ನಲ್ವಂತೆ, ನಾವು ತಿನ್ಬಹುದು ತಾನೆ?" ಎಂದು ತಮಾಷೆ ಮಾಡಿದರು. ಆಮೇಲೆ ಹುಡುಗಿಯನ್ನು ಕಣ್ಣಾರೆ ಕಂಡವರು ಬಾಯಿ ಮುಚ್ಚಿಕೊಂಡರು. ಹನ್ನೊಂದು ತುಂಬಿದವಳು ಎಂಟರವಳ ಹಾಗೆ ಕಾಣುತ್ತಿದ್ದಳು. ಕೈಕಾಲು ಸಣಕಲು, ಹೊಟ್ಟೆ ಮಾತ್ರ ಉಬ್ಬರ, ಬಾಯೊಳಗೆ ಯಾವಾಗಲೂ ಹುಣ್ಣು. ಎರಡು ವರ್ಷದಿಂದ ಶಾಲೆಗೆ ಹಾಕುತ್ತಿದ್ದದ್ದು ಅದೇ ಬೂಟು. ಬೇರೆ ಮಕ್ಕಳು ಬೂಟು ಚಿಕ್ಕದಾಯಿತೆಂದು ಬಿಸಾಡುತ್ತಾರೆ, ಇವಳದು ಅಡಿ ಸವೆದು ತೂತು ಬಿದ್ದಿತ್ತು, ಬೆರಳಿಗೆ ಮಾತ್ರ ಇನ್ನೂ ಜಾಗವಿತ್ತು.

ಅವಳಿಗೆ ಕಡ್ಡಿ ಎಂದು ಹೆಸರಿಟ್ಟವನು ಅಪ್ಪನೇ. ನಾಲ್ಕು ವರ್ಷದವಳಿದ್ದಾಗ ಗಲ್ಲಾಪೆಟ್ಟಿಗೆಯ ಪಕ್ಕ ಕೂರಿಸಿಕೊಂಡು, "ಈ ಕಡ್ಡೀನ ನೋಡಿದ್ರೆ ನನ್ನ ಬ್ರೆಡ್ಡು ಯಾರು ಕೊಳ್ತಾರೆ! ತಿನ್ನೇ, ನನ್ನ ಮರ್ಯಾದೆ ಕಳೀಬೇಡ" ಎಂದು ಕೈಗೊಂದು ಬಿಸಿ ಬನ್ನು ಕೊಡುತ್ತಿದ್ದ. ಅವಳು ತಿನ್ನುತ್ತಿದ್ದಳು, ವಾಂತಿ ಮಾಡುತ್ತಿದ್ದಳು. ಅವನು ಇನ್ನೊಂದು ಕೊಡುತ್ತಿದ್ದ. ಏಳು ವರ್ಷ ಹಾಗೇ ನಡೆಯಿತು. ಕಾಯಿಲೆಗೆ ಹೆಸರು ಸಿಕ್ಕ ದಿನದಿಂದ ಅವನು ಆ ಅಡ್ಡಹೆಸರು ಕರೆಯುವುದನ್ನು ನಿಲ್ಲಿಸಿದ. ಆದರೆ ಅಷ್ಟರಲ್ಲಿ ಅದು ಶಾಲೆಗೂ ಹೋಗಿ ಅವಳಿಗೆ ಅಂಟಿಕೊಂಡಿತ್ತು.

ಹೆಸರು ಹೇಳಿದವರು ಡಾಕ್ಟರಮ್ಮ. ಸೀಲಿಯಾಕ್ ಅಂತ. "ಗೋಧಿಯಲ್ಲಿ ಗ್ಲುಟೆನ್ ಅಂತ ಒಂದು ಅಂಟು ಇರುತ್ತೆ. ಅದು ಹೊಟ್ಟೆಗೆ ಹೋದ್ರೆ ಇವಳ ಕರುಳು ತನ್ನನ್ನ ತಾನೇ ಹಾಳು ಮಾಡ್ಕೊಳ್ಳುತ್ತೆ. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಗೋಧಿ, ಮೈದಾ, ರವೆ, ಬಾರ್ಲಿ, ಯಾವುದೂ ಕೂಡದು. ಜೀವನ ಪೂರ್ತಿ. ಒಂದು ಚೂರು ಪುಡಿ ಹೋದ್ರೂ ಸಾಕು."

"ಒಂದು ಚೂರು ಅಂದ್ರೆ?" ಎಂದು ಕೇಳಿದ ಬೇಕರಿಯವನು. ಅವನ ಹುಬ್ಬಿನ ಮೇಲೇ ಆಗ ಒಂದು ಚೂರು ಹಿಟ್ಟಿತ್ತು.

ಡಾಕ್ಟರಮ್ಮ ಅವನ ಹುಬ್ಬನ್ನೇ ನೋಡಿ ಹೇಳಿದರು, "ಅಷ್ಟೇ." ಆಮೇಲೆ ದನಿ ಇಳಿಸಿ, "ಬೆಳೆಯೋ ವಯಸ್ಸು ಇನ್ನು ಎರಡು, ಹೆಚ್ಚಂದ್ರೆ ಮೂರು ವರ್ಷ. ಅಷ್ಟರಲ್ಲಿ ಕರುಳು ವಾಸಿಯಾದ್ರೆ ಬೆಳೀತಾಳೆ. ಇಲ್ಲಾಂದ್ರೆ ಇಷ್ಟೇ" ಎಂದರು.

ಬೇಕರಿಯವನು ಹೆದರಿದರೆ ಕೈಕಟ್ಟಿ ಕೂರುವ ಜಾತಿಯವನಲ್ಲ. ಮರುದಿನವೇ ಮನೆಯ ಅಡುಗೆಕೋಣೆ ಖಾಲಿಯಾಯಿತು. ಹಿಟ್ಟಿನ ಡಬ್ಬ, ಜರಡಿ, ಮರದ ಸೌಟು, ಗೀರು ಬಿದ್ದ ಬಾಣಲೆ, ಹಳೇ ಚಾಕು ಎಲ್ಲ ಬೀದಿಗೆ ಬಿತ್ತು. ಹೆಂಡತಿ "ರೀ, ಆ ಬಾಣಲೆ ನಮ್ಮಮ್ಮ ಕೊಟ್ಟಿದ್ದು" ಎಂದರೂ ಕೇಳಲಿಲ್ಲ. ಗೋಧಿಯ ವಾಸನೆಯಿದ್ದ ಯಾವ ತಿಂಡಿಯೂ ಹೊಸ್ತಿಲು ದಾಟುವಂತಿಲ್ಲ ಎಂದು ಕಟ್ಟಪ್ಪಣೆಯಾಯಿತು. ಮನೆಮಂದಿಗೆಲ್ಲ ಅನ್ನ, ಗಂಜಿ, ಆಲೂಗಡ್ಡೆ, ಮೊಟ್ಟೆ. ಅವನು ದಿನವೂ ಬೇಕರಿಯ ಹಿತ್ತಲಿನ ನಲ್ಲಿಯಲ್ಲೇ ತಲೆಗೆ ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೆ ಮನೆಗೆ ಬರುತ್ತಿದ್ದ. ಚಳಿಯಲ್ಲಿ ಹಲ್ಲು ಕಟಕಟ ಕಡಿಯುತ್ತಿದ್ದರೂ ಬಿಡಲಿಲ್ಲ.

ಆದರೆ ಮಗಳಿಗೆ ಬ್ರೆಡ್ಡು ಬೇಕು. ಶಾಲೆಯಲ್ಲಿ ಎಲ್ಲರೂ ಡಬ್ಬಿಯಿಂದ ಬ್ರೆಡ್ಡು ತೆಗೆದರೆ ಇವಳು ತಣ್ಣನೆಯ ಅನ್ನ ತೆಗೆಯುತ್ತಿದ್ದಳು. "ಅಪ್ಪ, ಎಲ್ಲಾರ್ಗೂ ಮಾಡ್ಕೊಡ್ತೀಯ, ನಂಗೆ ಮಾತ್ರ ಆಗಲ್ವಾ?" ಎಂದು ಒಂದು ದಿನ ಕೇಳಿದಳು. ಆ ಮಾತು ಅವನ ಎದೆಗೆ ನಾಟಿತು. ಹದಿನಾಲ್ಕನೇ ವಯಸ್ಸಿಗೆ ಒಲೆ ಮುಂದೆ ನಿಂತವನು ಅವನು. ಕಲಿಸಿದ ಮೇಸ್ತ್ರಿ ಹೇಳುತ್ತಿದ್ದದ್ದು ಒಂದೇ ಮಾತು: "ಕೈ ಕಲಿಯೋವರೆಗೆ ತಲೆ ಉಪಯೋಗಿಸು. ಕೈ ಕಲಿತ ಮೇಲೆ ತಲೆ ಅಡ್ಡ ಹಾಕ್ಬೇಡ." ಮೂವತ್ತು ವರ್ಷದಿಂದ ಅವನ ಕೈ ತಲೆಯನ್ನು ಕೇಳದೆ ಕೆಲಸ ಮಾಡುತ್ತಿತ್ತು. ಕಣ್ಣು ಕಟ್ಟಿದರೂ ದಿನಕ್ಕೆ ಇನ್ನೂರು ಬ್ರೆಡ್ಡು ಇಳಿಸುತ್ತಿದ್ದ. ಅಂಥವನಿಗೆ ಸ್ವಂತ ಮಗಳಿಗೊಂದು ಬ್ರೆಡ್ಡು ಮಾಡಲಾಗುವುದಿಲ್ಲವೇ?

ಮೊದಲ ಸಲ ಅಕ್ಕಿಹಿಟ್ಟಿನಲ್ಲಿ ಮಾಡಿ ತಂದದ್ದು ಇಟ್ಟಿಗೆಯಾಗಿತ್ತು. ಮನೆಯಲ್ಲಿದ್ದ ಅಜ್ಜಿ, ಅಂದರೆ ಅವನ ಹೆಂಡತಿಯ ತಾಯಿ, ಅದನ್ನು ಮೇಜಿಗೆ ಎರಡು ಸಲ ಕುಟ್ಟಿ, "ಅಳಿಯಂದ್ರೇ, ಇನ್ನೊಂದು ಇಪ್ಪತ್ತು ಮಾಡಿ, ಹಿತ್ತಲಿಗೆ ಗೋಡೆ ಕಟ್ಟೋಣ" ಎಂದಳು. ಹುಡುಗಿ ಬಹಳ ದಿನದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡನೆಯದು ಕುಸಿಯಿತು, ಮೂರನೆಯದು ಒಡೆಯಿತು. ಕೊನೆಗೆ ಅಕ್ಕಿಹಿಟ್ಟು, ಮೆಕ್ಕೆಜೋಳದ ಹಿಟ್ಟು, ಆಲೂಗಡ್ಡೆಯ ಪುಡಿ, ಮೂರು ಮೊಟ್ಟೆ ಸೇರಿಸಿ ಕಲಸಿ, ಅಚ್ಚಿಗೆ ಸುರಿದು ಬೇಯಿಸಿದಾಗ ಒಂದು ಸರಿಯಾದ ಬ್ರೆಡ್ಡು ಎದ್ದು ಬಂತು. ಅದನ್ನು ಬಟ್ಟೆಯಲ್ಲಿ ಸುತ್ತಿ ಎದೆಗವುಚಿಕೊಂಡು ಮನೆಗೆ ತಂದ.

ಅಲ್ಲಿಂದ ದಿನವೂ ಬೆಳಗಿನ ಮೊದಲ ಕೆಲಸ ಅದೇ. ಮೈದಾದ ಚೀಲ ಬಿಚ್ಚುವ ಮೊದಲು, ಹೊಸ ಪಾತ್ರೆ, ಹೊಸ ಸೌಟು, ಹೊಸ ಅಚ್ಚು, ತೊಳೆದ ಮೇಜು, ಒರೆಸಿದ ಒಲೆ. ಮಗಳ ಬ್ರೆಡ್ಡು ಇಳಿದು ಡಬ್ಬಿ ಸೇರಿದ ಮೇಲೇ ಊರಿನ ಬ್ರೆಡ್ಡು.

ಮನೆಯಲ್ಲಿ ಅದನ್ನು ತಿನ್ನಿಸುವುದು ಅಜ್ಜಿಯ ಪಾಲು. ಹುಡುಗಿ ಹುಟ್ಟಿದಾಗ ಬಾಣಂತನಕ್ಕೆಂದು ಬಂದ ಮುದುಕಿ ಅಲ್ಲೇ ಉಳಿದಿದ್ದಳು. ಮೊಮ್ಮಗಳ ಬಾಯಿಹುಣ್ಣಿಗೆ ಬ್ರೆಡ್ಡಿನ ಅಂಚು ಚುಚ್ಚುತ್ತದೆಂದು ಸುತ್ತಲಿನ ಗಟ್ಟಿ ಅಂಚನ್ನೆಲ್ಲ ಚಾಕುವಿನಿಂದ ಕತ್ತರಿಸಿ ತೆಗೆದು, ಒಳಗಿನ ಮೆತ್ತನೆಯದನ್ನು ಹಾಲಿನಲ್ಲಿ ಅದ್ದಿ ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ಕತ್ತರಿಸಿದ ಅಂಚು ಅವಳ ಚಹಾಕ್ಕೆ. ಹನ್ನೊಂದು ವರ್ಷದವಳಿಗೆ ತುತ್ತು ತಿನ್ನಿಸುವುದೇನು ಎಂದು ಹುಡುಗಿಯ ತಾಯಿ ಗದರಿದರೆ, "ಕೈತುತ್ತಿಗೆ ವಯಸ್ಸಿದ್ಯೇನೇ? ನೀನು ಮದುವೆ ದಿನಾನೂ ತಿಂದಿದ್ದೆ" ಎನ್ನುತ್ತಿದ್ದಳು.

ಆರು ತಿಂಗಳಿಗೆ ರಕ್ತಪರೀಕ್ಷೆಯಾಯಿತು. ಗೋಧಿ ಬಿಟ್ಟರೆ ಇಳಿಯಬೇಕಾದ ಅಂಕಿ ಇಳಿದಿರಲಿಲ್ಲ. ಹೊಟ್ಟೆನೋವೂ ನಿಂತಿರಲಿಲ್ಲ. ಡಾಕ್ಟರಮ್ಮ ಕಾಗದ ನೋಡಿ, "ಎಲ್ಲಿಂದಲೋ ಗೋಧಿ ಹೋಗ್ತಾ ಇದೆ" ಎಂದರು.

ಬೇಕರಿಯವನು ಎದ್ದುನಿಂತು, ತಾನು ಬ್ರೆಡ್ಡು ಮಾಡುವ ಕ್ರಮವನ್ನು ಮೊದಲಿಂದ ಕೊನೆಯವರೆಗೆ ಪಾಠದಂತೆ ಒಪ್ಪಿಸಿದ. ಪಾತ್ರೆ ತೊಳೆದದ್ದು, ಜರಡಿ ಬೇರೆ ಇಟ್ಟದ್ದು, ಒಲೆ ಒರೆಸಿದ್ದು. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಡಾಕ್ಟರಮ್ಮ ತಲೆದೂಗಿ, "ನೀವು ಇಷ್ಟು ಮಾಡ್ತಿದ್ದೀರಿ ಅಂದ್ರೆ ಮನೆಯಲ್ಲಿ ಯಾರೋ ಪ್ರೀತಿಗೆ ಏನೋ ಕೊಡ್ತಿರಬೇಕು. ವಯಸ್ಸಾದವರು ಇದ್ದಾರಾ?" ಎಂದರು.

ಆ ಒಂದು ಪ್ರಶ್ನೆ ಅವನ ಕಿವಿಯಲ್ಲಿ ಹುಳದ ಹಾಗೆ ಹೊಕ್ಕಿತು. ಮನೆಗೆ ಬಂದವನು ಯಾರಿಗೂ ಹೇಳದೆ ಅಜ್ಜಿಯ ಹಾಸಿಗೆ ಎತ್ತಿ ನೋಡಿದ. ದಿಂಬಿನ ಕೆಳಗೆ ಕರವಸ್ತ್ರದ ಗಂಟು, ಗಂಟಿನಲ್ಲಿ ಮೂರು ಬಿಸ್ಕತ್ತು, ಒಂದಿಷ್ಟು ಪುಡಿ. ಅದೂ ತನ್ನ ಬೇಕರಿಯದ್ದಲ್ಲ, ಎದುರುಬೀದಿಯವನದು!

"ಏನಿದು ಅತ್ತೆ?"

ಮುದುಕಿಯ ಮುಖ ಬಿಳಿಚಿಕೊಂಡಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಮೊದಲು ಬಾಗಿಲು ನೋಡಿದಳು, ಆಮೇಲೆ ಮೊಮ್ಮಗಳನ್ನು ನೋಡಿದಳು. "ಬಿಸ್ಕತ್ತು ಇಲ್ದೆ ಚಹಾ ಗಂಟಲಲ್ಲಿ ಇಳಿಯಲ್ಲ ಅಳಿಯಂದ್ರೇ. ಅರವತ್ತು ವರ್ಷದ ಚಟ. ಬಾಗಿಲು ಹಾಕ್ಕೊಂಡು ತಿಂದು, ಕೈ ತೊಳ್ಕೊಂಡೇ ಹೊರಗೆ ಬರೋದು ನಾನು."

"ಇವಳಿಗೆ ಕೊಟ್ರಾ?"

"ಅಯ್ಯೋ, ನಾನ್ಯಾಕೆ ಕೊಡ್ಲಿ?"

"ಕೊಟ್ಟಿಲ್ಲ ಅಂತ ಮಗು ತಲೆ ಮುಟ್ಟಿ ಹೇಳಿ."

ಮುದುಕಿ ಕೈ ಚಾಚಿದಳು. ಚಾಚಿದ ಕೈ ಅರ್ಧದಲ್ಲೇ ನಿಂತಿತು. ಪಾಪ, ಅವಳಿಗೆ ಮರೆವು ಶುರುವಾಗಿ ವರ್ಷವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುತ್ತಿದ್ದಳು. ಮೊಮ್ಮಗಳ ತಲೆ ಮುಟ್ಟಿ ತಪ್ಪು ಆಣೆ ಮಾಡಿಬಿಟ್ಟರೆ? "ಕೊಟ್ಟ ನೆನಪಿಲ್ಲ" ಎಂದಳು ಮೆಲ್ಲಗೆ.

"ನೆನಪಿಲ್ಲ ಅಂದ್ರೆ ಕೊಟ್ಟಿಲ್ಲ ಅಂತ ಅಲ್ಲ ಅತ್ತೆ!" ಅವನ ಕೂಗಿಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. "ನಾನು ಮೈ ಮೇಲೆ ತಣ್ಣೀರು ಸುರ್ಕೊಂಡು ಸಾಯ್ತಿದ್ದೀನಿ, ನೀವು ಇಲ್ಲಿ ವಿಷ ಹಾಕ್ತಿದ್ದೀರಿ!"

"ಅಪ್ಪ, ಅಜ್ಜಿ ಏನೂ ಕೊಟ್ಟಿಲ್ಲ" ಎಂದು ಹುಡುಗಿ ಅತ್ತಳು. ಮಕ್ಕಳು ಅಜ್ಜಿಯನ್ನು ಬಿಟ್ಟುಕೊಡುತ್ತವೆಯೇ ಎಂದು ಅವನು ಆ ಮಾತನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ, ಆದರೆ ಮೂರು ಬಿಸ್ಕತ್ತು ಕೈಯಲ್ಲಿ ಹಿಡಿದವನಿಗೆ ಆ ಮಾತು ಎಲ್ಲಿ ನೆನಪಾಗಬೇಕು? ಹೆಂಡತಿ ಗೋಡೆಗೊರಗಿ ನಿಂತಿದ್ದಳು. ಹೆತ್ತ ತಾಯಿಯ ಪರವಾಗಿ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಮಗಳ ಬೂಟು ಅವಳ ಕಣ್ಣಮುಂದಿತ್ತು, ಅವಳಿಗೂ ಅನುಮಾನ ಹುಟ್ಟಿತ್ತು.

ಆ ವಾರವೇ ಅಜ್ಜಿಯನ್ನು ಅವಳ ಮಗನ ಮನೆಗೆ ಸಾಗಿಸಿದರು. ಊರಿನ ಇನ್ನೊಂದು ತುದಿ, ಎರಡು ಬಸ್ಸು ಬದಲಿಸಬೇಕು, ಮೂರನೇ ಮಹಡಿ. ಹೊರಡುವಾಗ ಮುದುಕಿ ಮಗಳ ಕೈ ಹಿಡಿದು, "ಕೊಟ್ಟೇ ಇರಬೇಕು ಕಣೇ. ನಿನ್ನ ಗಂಡ ಸುಳ್ಳು ಹೇಳೋರಲ್ಲ" ಎಂದಳು. ಮಗಳು ಅವಳ ಬಟ್ಟೆಗಂಟು ಎತ್ತಿಕೊಂಡು ಮುಂದೆ ನಡೆದಳು.

ಈಗ ಬ್ರೆಡ್ಡಿನ ಅಂಚು ಕತ್ತರಿಸಿ ಕೊಡುವವರಿರಲಿಲ್ಲ. ತಾಯಿಗೆ ಬೆಳಗ್ಗೆ ಅಂಗಡಿ ತೆರೆಯುವ ಅವಸರ. ಹುಡುಗಿ ಇಡೀ ಬ್ರೆಡ್ಡನ್ನು ಅಂಚು ಸಮೇತ ಅಗಿದು ನುಂಗಿದಳು. ತಿಂದು ಬೇಗ ಬೆಳೆದು ತೋರಿಸಿದರೆ ಅಪ್ಪನ ಸಿಟ್ಟು ಇಳಿದು ಅಜ್ಜಿ ವಾಪಸ್ಸು ಬರುತ್ತಾಳೆ ಎಂಬುದು ಅವಳ ಲೆಕ್ಕ. ಬೆಳಗ್ಗೆ ನಾಲ್ಕು ಹೋಳು, ಮಧ್ಯಾಹ್ನ ನಾಲ್ಕು ಹೋಳು.

ಮೂರು ತಿಂಗಳಿಗೆ ಮತ್ತೆ ರಕ್ತ ತೆಗೆದರು. ಅಂಕಿ ಮೊದಲಿಗಿಂತ ಮೇಲೆ ಹೋಗಿತ್ತು. ತೂಕ ಒಂದೂವರೆ ಕಿಲೋ ಇಳಿದಿತ್ತು.

ಆಸ್ಪತ್ರೆಯ ಮೆಟ್ಟಿಲ ಮೇಲೇ ಹೆಂಡತಿ ತಿರುಗಿಬಿದ್ದಳು. ಮೂರು ತಿಂಗಳು ನುಂಗಿದ್ದ ಮಾತೆಲ್ಲ ಹೊರಬಿತ್ತು. "ಈಗ ಯಾರನ್ನ ಓಡಿಸ್ತೀರಿ? ಹೇಳಿ! ನನ್ನನ್ನಾ?"

ಬುದ್ಧಿಯಿದ್ದವನಾದರೆ ಅಲ್ಲೇ ನಿಂತು ಯೋಚಿಸುತ್ತಿದ್ದ. ಹೆದರಿದವನಿಗೆ ಬುದ್ಧಿ ಎಲ್ಲಿಂದ ಬರಬೇಕು? ಅವನು ಮನೆಗೆ ಹೋಗಿ ಮಗಳ ಶಾಲೆಚೀಲವನ್ನು ನೆಲಕ್ಕೆ ಸುರಿದ. ಪುಸ್ತಕ ಕೊಡವಿದ, ಡಬ್ಬಿ ಮೂಸಿದ, ಜೇಬು ತಿರುವಿದ. ಏನೂ ಸಿಗಲಿಲ್ಲ. "ಶಾಲೇಲಿ ಯಾರ ಹತ್ರ ಕಸ್ಕೊಂಡು ತಿಂತೀಯ? ಹೇಳು!" ಎಂದು ಕೆನ್ನೆಗೆ ಒಂದು ಬಾರಿಸಿದ. ಹುಟ್ಟಿದಾಗಿನಿಂದ ಅವಳ ಮೇಲೆ ಕೈ ಮಾಡಿದವನಲ್ಲ. ಹುಡುಗಿ ಅಳಲಿಲ್ಲ. "ನಾನು ನೀನು ಮಾಡಿದ್ದೇ ತಿನ್ನೋದು ಅಪ್ಪ" ಎಂದು ಪುಸ್ತಕ ಒಂದೊಂದಾಗಿ ಹೆಕ್ಕಿ ಚೀಲಕ್ಕೆ ತುಂಬಿದಳು.

ಅಷ್ಟರಲ್ಲಿ ಶಾಲೆಗೆ ರಜೆ ಬಂತು. ಇನ್ನು ಯಾರನ್ನೂ ನಂಬುವುದಿಲ್ಲ, ಕಣ್ಣೆದುರೇ ಇಟ್ಟುಕೊಳ್ಳುತ್ತೇನೆ ಎಂದು ಅವನು ದಿನವೂ ಬೆಳಗ್ಗೆ ಮಗಳನ್ನು ಬೇಕರಿಗೇ ಕರೆದೊಯ್ಯತೊಡಗಿದ. ಒಳಗಲ್ಲ, ಹಿತ್ತಲ ಬಾಗಿಲಾಚೆ, ನಲ್ಲಿಯ ಪಕ್ಕ ಒಂದು ಸ್ಟೂಲು, ಮೂಗಿಗೆ ಬಟ್ಟೆ. ಅವಳ ಬ್ರೆಡ್ಡು ಇಳಿದೊಡನೆ ತಾಯಿ ಬಂದು ಕರೆದುಕೊಂಡು ಹೋಗಬೇಕು. ಎರಡು ದಿನ ಹುಡುಗಿ ತೂಕಡಿಸಿದಳು. ಮೂರನೆಯ ದಿನ ಎಚ್ಚರವಾಗಿ ಕುಳಿತು, ಮೊಣಕಾಲ ಮೇಲೆ ಗದ್ದವಿಟ್ಟು ಅಪ್ಪನ ಕೆಲಸ ನೋಡಿದಳು.

ಅವನು ಮೇಜು ತೊಳೆದ, ಒಣಬಟ್ಟೆಯಲ್ಲಿ ಒರೆಸಿದ. ಅಕ್ಕಿಹಿಟ್ಟು ಜರಡಿ ಹಿಡಿದ. ಮೊಟ್ಟೆ ಒಡೆದು ಕಲಸಿದ. ಅಚ್ಚಿಗೆ ಎಣ್ಣೆ ಸವರಿದ. ಬಲಗೈ ಮೇಜಿನ ಮೂಲೆಗೆ ಹೋಯಿತು, ಬಂತು. ಅಚ್ಚನ್ನು ತಿರುವಿ ತಟ್ಟಿದ. ಕಲಸಿದ್ದನ್ನು ಸುರಿಯಲು ಪಾತ್ರೆ ಎತ್ತಿದ.

"ಅಪ್ಪ, ಅದು ಯಾವ ಹಿಟ್ಟು?"

"ಅಕ್ಕಿದು. ಮೆಕ್ಕೆಜೋಳದ್ದು. ಇನ್ಯಾವುದು?"

"ಅದಲ್ಲ. ಈಗ ಉದುರಿಸಿದ್ಯಲ್ಲ, ಅದು."

"ನಾನೇನೂ ಉದುರಿಸಿಲ್ಲ."

"ಉದುರಿಸ್ದೆ ಅಪ್ಪ. ನಿನ್ನೇನೂ ಉದುರಿಸ್ದೆ. ಆ ಮೂಲೆ ಡಬ್ಬೀದು."

ಮಗಳ ತಲೆ ಮುಟ್ಟಿ ಹೇಳು ಎಂದಿದ್ದರೆ ಆ ಕ್ಷಣದಲ್ಲಿ ಅವನು ಧೈರ್ಯವಾಗಿ ಮುಟ್ಟಿ ಹೇಳುತ್ತಿದ್ದ, ಉದುರಿಸಿಲ್ಲ ಎಂದು. ಆಮೇಲೆ ಅಚ್ಚಿನೊಳಗೆ ನೋಡಿದ. ಎಣ್ಣೆಯ ಮೇಲೆ ತೆಳ್ಳಗೆ, ಸಮನಾಗಿ, ಮೂವತ್ತು ವರ್ಷದ ಕೆಲಸಗಾರನ ಕೈಯಿಂದ ಮಾತ್ರ ಬೀಳುವ ಹಾಗೆ, ಬಿಳಿ ಪುಡಿ ಕೂತಿತ್ತು. ಬ್ರೆಡ್ಡು ತಳ ಹಿಡಿಯದಿರಲೆಂದು ಅಚ್ಚಿಗೆ ಉದುರಿಸುವ ಮೈದಾ. ಆ ಡಬ್ಬಿಗೆ ಮುಚ್ಚಳವಿಲ್ಲ, ಅದು ಮೇಜಿನ ಮೂಲೆಯಲ್ಲಿ ಸದಾ ಇರುವಂಥದ್ದು. ಅದನ್ನು ಅವನು ನೋಡುವುದನ್ನು ಬಿಟ್ಟೇ ಎಷ್ಟೋ ವರ್ಷವಾಗಿತ್ತು. ಹೊಸ ಅಚ್ಚು ತಂದ ಮೊದಲ ದಿನದಿಂದ, ಒಂದು ದಿನವೂ ತಪ್ಪದೆ, ಕೈ ತನ್ನಷ್ಟಕ್ಕೆ ಹೋಗಿ ಒಂದು ಚಿಟಿಕೆ ತಂದು ಮಗಳ ಬ್ರೆಡ್ಡಿನ ಅಂಚಿಗೆಲ್ಲ ಸವರಿ ಬಂದಿತ್ತು.

ಅವನ ಕೈಯಿಂದ ಪಾತ್ರೆ ಜಾರಿತು. ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ನೆಲದಲ್ಲಿ ಚೆಲ್ಲಿದ್ದನ್ನೂ ಅಚ್ಚನ್ನೂ ಗಂಡನ ಮುಖವನ್ನೂ ನೋಡಿದಳು. ಮಗಳೇ ಎಲ್ಲ ಹೇಳಿದಳು. ಕೇಳಿ ಮುಗಿಸಿದ ಹೆಂಡತಿ, "ಬೇಲಿಯೇ ಎದ್ದು ಹೊಲ ಮೇಯ್ತಲ್ಲರೀ" ಎಂದಳು. ಬೈಯುವ ಶಕ್ತಿಯೂ ಇಲ್ಲದ ದನಿ ಅದು. "ನಮ್ಮಮ್ಮ ಆ ಅಂಚು ಕತ್ತರಿಸಿ ಕತ್ತರಿಸಿ ತಾನು ತಿಂದಳು. ಅವಳನ್ನ ಓಡಿಸಿದ್ವಿ."

ಆ ದಿನ ಬೇಕರಿ ತೆರೆಯಲಿಲ್ಲ. ಮೂವರೂ ಎರಡು ಬಸ್ಸು ಹತ್ತಿಳಿದು, ಮೂರು ಮಹಡಿ ಏರಿ ಹೋದರು. ಅಜ್ಜಿ ಕಿಟಕಿಯ ಪಕ್ಕ ಶಾಲು ಹೊದ್ದು ಕುಳಿತಿದ್ದಳು. ಎರಡೂ ಕೈ ಶಾಲಿನೊಳಗಿತ್ತು. ಮಗನ ಹೆಂಡತಿ ಅಡುಗೆಕೋಣೆಯಲ್ಲೇ ಅವರನ್ನು ತಡೆದು ಪಿಸುಗುಟ್ಟಿದಳು: "ಬಂದಾಗಿನಿಂದ ಹೀಗೇ. ನನ್ನ ಮಗೂನ ಎತ್ಕೊಳ್ಳಲ್ಲ, ಒಂದು ತುತ್ತು ತಿನ್ನಿಸಲ್ಲ. ಒಂದು ಲೋಟ ನೀರು ಕೊಡಿ ಅಂದ್ರೂ 'ಬೇಡ, ನನ್ನ ಕೈ ನಂಬಬೇಡ' ಅಂತಾರೆ."

ಬೇಕರಿಯವನು ಅತ್ತೆಯ ಮುಂದೆ ನೆಲದ ಮೇಲೆ ಕುಳಿತ. ಡಬ್ಬಿ, ಚಿಟಿಕೆ, ಅಚ್ಚು, ಎಲ್ಲವನ್ನೂ ತಡವರಿಸುತ್ತ ಹೇಳಿದ. "ತಪ್ಪು ನಂದು ಅತ್ತೆ. ನೀವು ಏನೂ ಮಾಡಿಲ್ಲ. ಮನೆಗೆ ಬನ್ನಿ" ಎಂದು ಕಾಲು ಹಿಡಿದ.

ಮುದುಕಿ ಅವನನ್ನೇ ನೋಡುತ್ತ ನಕ್ಕಳು, ಬುದ್ಧಿವಂತರು ಮಕ್ಕಳ ಸುಳ್ಳಿಗೆ ನಗುವ ಹಾಗೆ. "ನೀವು ದೊಡ್ಡ ಮನಸ್ಸಿನವರು ಅಳಿಯಂದ್ರೇ. ಮುದುಕಿ ನೊಂದ್ಕೊಂಡಿದ್ದಾಳೆ ಅಂತ ತಪ್ಪು ನಿಮ್ಮ ಮೇಲೆ ಹಾಕ್ಕೊಳ್ತಿದ್ದೀರಿ. ಆದ್ರೆ ನಂಗೆ ಈಗ ಚೆನ್ನಾಗಿ ನೆನಪಾಗಿದೆ."

"ಏನು ನೆನಪಾಗಿದೆ?"

"ಮಧ್ಯಾಹ್ನ. ಮಗು ಶಾಲೆಯಿಂದ ಬಂದಿತ್ತು, ಹಸಿವು ಅಂತು. ಬಿಸ್ಕತ್ತು ಎರಡು ತುಂಡು ಮಾಡ್ದೆ, ಚಹಾದಲ್ಲಿ ಅದ್ದಿ ಬಾಯಿಗಿಟ್ಟೆ. ಎಡಗಡೆ ಹಲ್ಲಿನ ಹತ್ರ ಹುಣ್ಣು ಅಂತ ಬಲಗಡೆಗೆ ಇಟ್ಟೆ. ಎಷ್ಟು ಸಲ ಅಂತ ಲೆಕ್ಕ ಇಲ್ಲ. ಒಂಬತ್ತು ತಿಂಗಳು ಕೂತು ಕೂತು ಎಲ್ಲ ನೆನಪು ಮಾಡ್ಕೊಂಡಿದ್ದೀನಿ."

ಒಂಬತ್ತು ತಿಂಗಳಲ್ಲ, ಮೂರೇ ತಿಂಗಳಾಗಿತ್ತು.

"ಇಲ್ಲ ಅಜ್ಜಿ, ನೀನು ಕೊಟ್ಟೇ ಇಲ್ಲ!" ಹುಡುಗಿ ಅವಳ ಮೊಣಕಾಲು ಅಲುಗಾಡಿಸಿದಳು. ಶಾಲಿನೊಳಗೆ ಕೈ ಹಾಕಿ ಅಜ್ಜಿಯ ಕೈ ಹಿಡಿಯಹೋದಳು. ಮುದುಕಿ ಬಿಸಿ ತಾಗಿದವಳಂತೆ ಕೈ ಕಿತ್ತುಕೊಂಡು, "ಮುಟ್ಬೇಡ ಕಂದ, ಮುಟ್ಬೇಡ" ಎಂದು ಎದ್ದು ನಲ್ಲಿಯ ಹತ್ತಿರ ಹೋದಳು. ಅವಳು ಸೋಪು ಉಜ್ಜಿ ಉಜ್ಜಿ ಕೈ ತೊಳೆಯುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಬೆರಳ ಸಂದುಗಳಲ್ಲಿ ಚರ್ಮ ಒಡೆದು ಕೆಂಪಾಗಿರುವುದನ್ನು ಅವಳ ಮಗಳು ಆಗ ಕಂಡಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಎಲ್ಲರೂ ಅನ್ನುತ್ತಾರೆ. ಆಡಿದ ಮಾತು ಇನ್ನೊಬ್ಬರ ನೆನಪಾಗಿ ಬೇರು ಬಿಟ್ಟರೆ ಅದನ್ನು ಕೀಳುವುದು ಹೇಗೆ ಎಂದು ಯಾರೂ ಹೇಳಿಕೊಟ್ಟಿಲ್ಲ.

ಮನೆಗೆ ಬರಲು ಅವಳು ಒಪ್ಪಲಿಲ್ಲ.

ಬೇಕರಿಯವನು ಆ ಮೂಲೆಯ ಡಬ್ಬಿಯನ್ನು ಬಿಸಾಡಿದ. ಮಗಳ ಬ್ರೆಡ್ಡನ್ನು ಬೇಕರಿಯಲ್ಲಿ ಮಾಡುವುದನ್ನೇ ಬಿಟ್ಟ. ಈಗ ಮನೆಯ ಸಣ್ಣ ಒಲೆಯಲ್ಲಿ, ಅಚ್ಚಿಗೆ ಕಾಗದ ಹಾಸಿ, ಹೆಂಡತಿ ಮಾಡುತ್ತಾಳೆ. ಅವನು ದೂರದ ಕುರ್ಚಿಯಲ್ಲಿ ಕೈಕಟ್ಟಿಕೊಂಡು ಕುಳಿತು ಪ್ರಮಾಣ ಹೇಳುತ್ತಾನೆ. ಬೇಕರಿಯಲ್ಲಿ ಇಂದಿಗೂ ಅವನ ಬಲಗೈ ಖಾಲಿ ಮೂಲೆಗೆ ಹೋಗಿ ಬರುತ್ತದಂತೆ.

ನಾಲ್ಕು ತಿಂಗಳ ಮೇಲೆ ರಕ್ತ ತೆಗೆದಾಗ ಅಂಕಿ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಬಾಯಿಹುಣ್ಣು ಮಾಯವಾಗಿತ್ತು. ಒಂದು ಬೆಳಗ್ಗೆ ಹುಡುಗಿ, "ಅಮ್ಮ, ಬೂಟು ಕಚ್ತಿದೆ" ಎಂದಳು. ತಾಯಿ ಬೂಟಿನ ತುದಿಯನ್ನು ಒತ್ತಿ ನೋಡಿ ಅತ್ತಳು. ಕಳೆದ ಒಂದು ವರ್ಷದ ಬೆಳವಣಿಗೆ ವಾಪಸ್ಸು ಬರುವುದಿಲ್ಲ, ಇನ್ನು ಮುಂದಿನದು ಬರಬಹುದು ಎಂದರು ಡಾಕ್ಟರಮ್ಮ.

ಬೇಕರಿಯವನು ಆ ರಕ್ತಪರೀಕ್ಷೆಯ ಕಾಗದ ಹಿಡಿದು ಒಬ್ಬನೇ ಎರಡು ಬಸ್ಸು ಹತ್ತಿದ. ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ಡಬ್ಬಿ ಬಿಸಾಡಿದೆ, ಮಗು ಗುಣವಾಯಿತು. ಇಷ್ಟು ಕಣ್ಣಿಗೆ ಕಂಡರೆ ನಂಬಲೇಬೇಕು. ಮೂರು ಮಹಡಿಯನ್ನು ಉಸಿರು ಬಿಡದೆ ಏರಿ, ಕಿಟಕಿಯ ಪಕ್ಕದ ಕುರ್ಚಿಯ ಮುಂದೆ ಕಾಗದ ಬಿಡಿಸಿ ಹಿಡಿದ. "ನೋಡಿ ಅತ್ತೆ. ಗುಣವಾಗ್ತಿದ್ದಾಳೆ. ಬೂಟು ಸಾಲದೇ ಹೊಸದು ತಂದ್ವಿ."

ಮುದುಕಿಯ ಮುಖ ಅರಳಿತು. ಎಷ್ಟೋ ತಿಂಗಳ ಮೇಲೆ ಅರಳಿದ ಮುಖ. ಕಾಗದ ಮುಟ್ಟಲಿಲ್ಲ, ಕುತ್ತಿಗೆ ಚಾಚಿ ಅದನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತು.

"ನಂಗೊತ್ತಿತ್ತು ಅಳಿಯಂದ್ರೇ" ಎಂದಳು. "ನಾನು ಆ ಮನೆಯಲ್ಲಿ ಇಲ್ದಿದ್ರೆ ಮಗು ಚೆನ್ನಾಗಾಗುತ್ತೆ ಅಂತ ನಂಗೊತ್ತಿತ್ತು. ನೀವು ಆವತ್ತು ಮಾಡಿದ್ದೇ ಸರಿ."

ಅವನು ಕಾಗದ ಮಡಚಿ ಜೇಬಿಗಿಟ್ಟುಕೊಂಡ. ಅವಳು ಎದ್ದು ಕೈ ತೊಳೆಯಲು ಹೋದಳು.